‘ನೀವು ಎಂಥವರು?’ ಅಂತ ಕೇಳೋ ಪ್ರಶ್ನಾವಳಿಗಳ ನೂರು ವರ್ಷದ ಕತೆ

ಬಸ್‌ನಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಮೊದಲು ಒಂದು ಪ್ರಶ್ನೆ. ‘ನೀವು ಎಷ್ಟು ಸಂಕೋಚದವರು?’, ‘ನಿಮ್ಮೊಳಗೊಬ್ಬ ನಾರ್ಸಿಸಿಸ್ಟ್ ಇದ್ದಾನಾ?’ ಅನ್ನೋ ಥರದ ಕ್ವಿಜ್‌ನ ಮೊಬೈಲ್‌ನಲ್ಲಿ ಒಮ್ಮೆಯಾದ್ರೂ ಮಾಡಿದ್ದೀರಿ ಅಲ್ವಾ? ಕೆಲಸಕ್ಕೆ ಅರ್ಜಿ ಹಾಕಿದಾಗ ‘ಪರ್ಸನಾಲಿಟಿ ಟೆಸ್ಟ್’ ಲಿಂಕ್ ಕೂಡ ಬಂದಿರಬಹುದು. ಹತ್ತು ನಿಮಿಷ ಟಿಕ್ ಮಾಡ್ತೀರಿ, ಕೊನೆಗೊಂದು ಅಂಕ ಬರುತ್ತೆ. ಆ ಅಂಕ ಎಲ್ಲಿಂದ ಬಂತು? ಮನುಷ್ಯನ ಸ್ವಭಾವವನ್ನ ಅಳತೆ ಮಾಡಬಹುದು ಅಂತ ಮೊದಲು ಯಾರಿಗೆ ಅನ್ನಿಸಿತು? ಇವತ್ತು ಅದೇ ಕತೆ.

ಶುರುವಾಗೋದು ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕೂತ ಸೈನಿಕರಿಗೆ ವಿಚಿತ್ರ ತೊಂದರೆ ಶುರುವಾಗಿತ್ತು. ಮೈಮೇಲೆ ಗಾಯ ಇಲ್ಲ, ಆದ್ರೆ ಕೈ ನಡುಗುತ್ತೆ, ಮಾತು ನಿಲ್ಲುತ್ತೆ, ನಿದ್ದೆ ಬರಲ್ಲ. ಅದಕ್ಕೆ ‘ಶೆಲ್ ಶಾಕ್’ ಅನ್ನೋ ಹೆಸರು ಬಂತು. 1917ರಲ್ಲಿ ಅಮೆರಿಕ ಯುದ್ಧಕ್ಕೆ ಇಳಿದಾಗ ಸೇನೆಯ ಮುಂದೆ ಒಂದು ಚಿಂತೆ ಇತ್ತು: ಇಂಥ ತೊಂದರೆಗೆ ಸಿಕ್ಕಿಬೀಳೋ ಹುಡುಗರನ್ನ ಮೊದಲೇ ಗುರುತಿಸೋದು ಹೇಗೆ? ಲಕ್ಷಾಂತರ ಜನರನ್ನ ವೈದ್ಯರು ಒಬ್ಬೊಬ್ಬರನ್ನಾಗಿ ಕೂರಿಸಿ ಮಾತಾಡಿಸೋಕೆ ಸಾಧ್ಯ ಇರಲಿಲ್ಲ.

ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ವುಡ್‌ವರ್ತ್ ಒಂದು ಉಪಾಯ ಮಾಡಿದರು. ವೈದ್ಯರು ರೋಗಿಗಳನ್ನ ಕೇಳೋ ಪ್ರಶ್ನೆಗಳನ್ನೇ ಕಾಗದದ ಮೇಲೆ ಅಚ್ಚು ಹಾಕಿಸಿದರೆ ಹೇಗೆ ಅಂತ. ಹೀಗೆ ಹುಟ್ಟಿದ್ದು 116 ಪ್ರಶ್ನೆಗಳ ‘ಪರ್ಸನಲ್ ಡೇಟಾ ಶೀಟ್’. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ರಾತ್ರಿ ನಿದ್ದೆ ಸರಿಯಾಗಿ ಬರುತ್ತಾ, ಬಾಲ್ಯ ಸುಖವಾಗಿತ್ತಾ, ಸೇತುವೆ ದಾಟುವಾಗ ದಿಗಿಲಾಗುತ್ತಾ, ಇಂಥವು. ಆದ್ರೆ ಶೀಟ್ ಸಿದ್ಧವಾಗೋ ಹೊತ್ತಿಗೆ ಯುದ್ಧವೇ ಮುಗೀತಾ ಬಂದಿತ್ತು. ಸೈನಿಕರನ್ನ ಆರಿಸೋಕೆ ಅದು ಬಳಕೆಗೆ ಬರಲೇ ಇಲ್ಲ. ಹಾಗಿದ್ರೂ ಆ ಉಪಾಯ ಮಾತ್ರ ಉಳೀತು. ಇವತ್ತು ನಿಮ್ಮ ಮೊಬೈಲ್‌ಗೆ ಬರೋ ಎಲ್ಲಾ ಕ್ವಿಜ್‌ಗಳ ಮುತ್ತಜ್ಜ ಅಂದ್ರೆ ಇದೇ ಶೀಟ್.

ಮುಂದಿನ ಪ್ರಶ್ನೆ: ಅಳೀಬೇಕಾದ್ದು ಏನನ್ನ? ಸ್ವಭಾವ ಅಂದ್ರೆ ಎಷ್ಟು ಗುಣಗಳು? 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇದಕ್ಕೆ ಒಂದು ಹಟದ ಕೆಲಸ ಮಾಡಿದರು. ದೊಡ್ಡ ಇಂಗ್ಲಿಷ್ ನಿಘಂಟು ಇಟ್ಕೊಂಡು ಮನುಷ್ಯನನ್ನ ವರ್ಣಿಸೋ ಪದಗಳನ್ನೆಲ್ಲ ಹೆಕ್ಕಿದರು. ಸಿಕ್ಕಿದ್ದು 17,953 ಪದ! ಅದರಲ್ಲಿ ಸ್ಥಿರವಾದ ಗುಣಗಳನ್ನ ಹೇಳೋವು ಸುಮಾರು 4,500. ಜನ ದಿನನಿತ್ಯ ಗಮನಿಸೋ ಗುಣಕ್ಕೆ ಭಾಷೆಯಲ್ಲಿ ಪದ ಹುಟ್ಟೇ ಹುಟ್ಟುತ್ತೆ ಅನ್ನೋದು ಇದರ ಹಿಂದಿನ ನಂಬಿಕೆ. ಈ ರಾಶಿಯನ್ನ ಗಣಿತದಿಂದ ಜರಡಿ ಹಿಡೀತಾ ಹೋದವರು ಮುಂದೆ ಐದು ದೊಡ್ಡ ಗುಣಗಳಿಗೆ ಬಂದು ನಿಂತರು. ಅದನ್ನೇ ಈಗ ‘ಬಿಗ್ ಫೈವ್’ ಅಂತಾರೆ.

ಇಲ್ಲಿ ಕನ್ನಡದ ಕಿವಿಗೆ ಒಂದು ಅನುಮಾನ ಬರಬೇಕು. ಇಂಗ್ಲಿಷಿನ ‘ಶೈ’ ಅನ್ನೋ ಒಂದೇ ಪದದ ಜಾಗದಲ್ಲಿ ನಮ್ಮಲ್ಲಿ ನಾಚಿಕೆ ಇದೆ, ಸಂಕೋಚ ಇದೆ, ಮುಜುಗರ ಇದೆ, ಅಂಜಿಕೆ ಇದೆ. ನಾಚಿಕೆ ಮದುಮಗಳಿಗೂ ಇರುತ್ತೆ, ‘ನಾಚಿಕೆ ಆಗಲ್ವಾ ನಿಂಗೆ’ ಅಂತ ಬೈಯೋಕೂ ಬರುತ್ತೆ. ‘ಬಹಳ ಸಂಕೋಚದ ಹುಡುಗ’ ಅಂದ್ರೆ ಎಷ್ಟೋ ಮನೆಗಳಲ್ಲಿ ಅದು ಹೊಗಳಿಕೆ. ಹಾಗಾಗಿ ಪ್ರಶ್ನೆಯನ್ನ ಅನುವಾದ ಮಾಡಿಬಿಟ್ಟರೆ ಅಳತೆಯೂ ಅನುವಾದ ಆಯ್ತು ಅಂದ್ಕೊಳ್ಳೋ ಹಾಗಿಲ್ಲ.

ಸರಿ, ಇನ್ನೊಂದು ದೊಡ್ಡ ತೊಡಕು: ಜನ ಸುಳ್ಳು ಹೇಳ್ತಾರೆ. ಕೆಲಸ ಬೇಕು ಅನ್ನೋನು ‘ನನಗೆ ಬೇಗ ಸಿಟ್ಟು ಬರುತ್ತೆ’ ಅಂತ ಯಾಕೆ ಟಿಕ್ ಮಾಡ್ತಾನೆ? ಮಿನ್ನೆಸೋಟಾ ವಿಶ್ವವಿದ್ಯಾಲಯದ ಸ್ಟಾರ್ಕ್ ಹ್ಯಾಥವೇ ಮತ್ತು ಜೆ. ಸಿ. ಮೆಕಿನ್ಲಿ 1943ರಲ್ಲಿ ಪ್ರಕಟಿಸಿದ ಎಂಎಂಪಿಐ ಪರೀಕ್ಷೆ ಇದಕ್ಕೊಂದು ಜಾಣ ದಾರಿ ಹುಡುಕಿತು. ಐನೂರಕ್ಕೂ ಹೆಚ್ಚು ಹೇಳಿಕೆಗಳ ನಡುವೆ ಕೆಲವು ಬಲೆಗಳನ್ನ ಹೂಡಿದರು. ‘ನನಗೆ ಎಂದೂ ಕೋಪ ಬರಲ್ಲ’ ಅನ್ನೋ ಅರ್ಥದ ಉತ್ತರಗಳನ್ನೇ ಒಬ್ಬ ಕೊಡ್ತಾ ಹೋದ ಅಂದ್ಕೊಳ್ಳಿ. ಯಾವ ಮನುಷ್ಯನೂ ಅಷ್ಟು ಒಳ್ಳೆಯವನಿರಲ್ಲ, ಇವನು ಬಣ್ಣ ಬಳೀತಿದ್ದಾನೆ ಅಂತ ಪರೀಕ್ಷೆ ಗುರುತು ಹಾಕ್ಕೊಳ್ಳುತ್ತೆ.

ಹ್ಯಾಥವೇ ಅವರ ಇನ್ನೊಂದು ವಿಧಾನವೂ ಗಮನಿಸೋ ಹಾಗಿದೆ. ಪ್ರಶ್ನೆಯ ಅರ್ಥದ ಬಗ್ಗೆ ಅವರು ತಲೆ ಕೆಡಿಸ್ಕೊಳ್ಳಲಿಲ್ಲ. ಖಿನ್ನತೆ ಇರೋ ರೋಗಿಗಳು ಒಂದು ಹೇಳಿಕೆಗೆ ಉಳಿದವರಿಗಿಂತ ಬೇರೆ ರೀತಿ ಉತ್ತರ ಕೊಡ್ತಾರಾ? ಕೊಟ್ಟರೆ ಅದು ಖಿನ್ನತೆಯ ಪಟ್ಟಿಗೆ. ಹಾಗಾದ್ರೆ ಆ ‘ಉಳಿದವರು’ ಯಾರು? ಮುಖ್ಯವಾಗಿ ಆ ವಿಶ್ವವಿದ್ಯಾಲಯದ ಆಸ್ಪತ್ರೆಗೆ ರೋಗಿಗಳನ್ನ ನೋಡೋಕೆ ಬಂದಿದ್ದ ನೆಂಟರು, ಸ್ನೇಹಿತರು. ಬಹುತೇಕ ಬಿಳಿಯರು, ಸುತ್ತಲ ಹಳ್ಳಿ-ಪಟ್ಟಣಗಳ ಮದುವೆಯಾದ ಜನ, ಸರಾಸರಿ ಎಂಟು ವರ್ಷ ಶಾಲೆ ಕಲಿತವರು. ದಶಕಗಳ ಕಾಲ ಜಗತ್ತಿನ ಎಷ್ಟೋ ಜನ ‘ನಾರ್ಮಲ್’ ಹೌದೋ ಅಲ್ಲವೋ ಅಂತ ತೀರ್ಮಾನ ಆಗಿದ್ದು ಮಿನ್ನೆಸೋಟಾದ ಈ ನೆಂಟರಿಷ್ಟರ ಜೊತೆ ಹೋಲಿಸಿ. 1989ರಲ್ಲಿ 2,600 ಜನರ ಹೊಸ ಗುಂಪು ತಗೊಂಡು ಅದನ್ನ ತಿದ್ದಿದರು.

ಇದೇ ಹೊತ್ತಿಗೆ ಒಬ್ಬ ಮನಶ್ಶಾಸ್ತ್ರಜ್ಞ ಈ ಇಡೀ ವ್ಯವಹಾರದ ಕಾಲೆಳೆದರು. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ಅವರ ಹೆಸರು ಬರೆದ ‘ಫಲಿತಾಂಶ’ ಹಂಚಿ, ಎಷ್ಟು ಸರಿ ಇದೆ ಅಂತ ಐದಕ್ಕೆ ಅಂಕ ಕೊಡಿ ಅಂದರು. ಸರಾಸರಿ ಬಂದಿದ್ದು 4.26. ವಿದ್ಯಾರ್ಥಿಗಳು ದಂಗಾಗಿದ್ದು ಆಮೇಲೆ. ಯಾಕಂದ್ರೆ ಎಲ್ಲರಿಗೂ ಕೊಟ್ಟಿದ್ದು ಒಂದೇ ಬರಹ, ಅದರ ಬಹುಪಾಲು ಅಂಗಡಿಯಲ್ಲಿ ಸಿಗೋ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು! ‘ಅಯ್ಯೋ, ನನ್ನನ್ನೇ ನೋಡಿ ಬರೆದ ಹಾಗಿದೆ’ ಅಂತ ಅನ್ನಿಸಿದ ಮಾತ್ರಕ್ಕೆ ಪರೀಕ್ಷೆ ನಿಜ ಆಗಲ್ಲ.

ಈಗ ಸಂಕೋಚದ ಕಡೆಗೆ ಬರೋಣ. ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗದ ಹೆಸರು ಕೇಳಿರ್ತೀರಿ. 1971ರಲ್ಲಿ ಅದನ್ನ ನಡೆಸಿದ ಫಿಲಿಪ್ ಜಿಂಬಾರ್ಡೊ ಮುಂದೆ ಸಂಕೋಚದ ಅಧ್ಯಯನಕ್ಕೆ ಇಳಿದರು. ಸಂಕೋಚದ ಮನುಷ್ಯ ತನಗೆ ತಾನೇ ಕಾವಲುಗಾರನೂ ಹೌದು, ಕೈದಿಯೂ ಹೌದು ಅನ್ನೋದು ಅವರಿಗೆ ಹೊಳೆದ ಹೋಲಿಕೆ. ಸಾವಿರಾರು ಜನರನ್ನ ಕೇಳಿದಾಗ ಸುಮಾರು 40 ಪರ್ಸೆಂಟ್ ಜನ ‘ನಾನು ಸಂಕೋಚದವನು’ ಅಂದರು. ಮೂಲೆಯಲ್ಲಿ ಒಂಟಿಯಾಗಿ ನಿಂತು ‘ನಾನೊಬ್ಬನೇ ಹೀಗೆ’ ಅಂದ್ಕೊಂಡಿದ್ದವರಿಗೆ ಆ ಅಂಕಿ ಎಷ್ಟು ಸಮಾಧಾನ ಕೊಟ್ಟಿರಬೇಕು, ಯೋಚಿಸಿ.

1981ರಲ್ಲಿ ಜೊನಾಥನ್ ಚೀಕ್ ಮತ್ತು ಅರ್ನಾಲ್ಡ್ ಬಸ್ ಇನ್ನೊಂದು ಗಂಟು ಬಿಡಿಸಿದರು. ಜನರ ಜೊತೆ ಬೆರೆಯೋ ಆಸೆ ಒಂದು ಗುಣ, ಬೆರೆಯುವಾಗ ಆಗೋ ಅಂಜಿಕೆ ಬೇರೆ ಗುಣ ಅಂತ ತೋರಿಸಿದರು. ಎರಡೂ ಒಬ್ಬರಲ್ಲೇ ಇದ್ದಾಗ, ಅಂದ್ರೆ ಬೆರೆಯೋ ಆಸೆಯೂ ಜೋರು, ಅಂಜಿಕೆಯೂ ಜೋರು ಆದಾಗ, ಒದ್ದಾಟ ಅತಿ ಹೆಚ್ಚು ಕಂಡಿತು. ಪಾರ್ಟಿಗೆ ಬರದೆ ಮನೆಯಲ್ಲಿ ಆರಾಮಾಗಿ ಇರೋ ಗೆಳತಿಗೂ, ಬಂದು ಮೂಲೆಯಲ್ಲಿ ಕೂತು ಬೆವರೋ ಗೆಳತಿಗೂ ಒಂದೇ ಹಣೆಪಟ್ಟಿ ಅಂಟಿಸಬಾರದು ಅನ್ನೋದು ಇದರಿಂದ ಸ್ಪಷ್ಟವಾಯ್ತು.

ನಾರ್ಸಿಸಿಸಂ, ಅಂದ್ರೆ ಸ್ವಮೋಹ, ಅಳತೆಪಟ್ಟಿಗೆ ಬಂದಿದ್ದು 1979ರಲ್ಲಿ. ರಾಬರ್ಟ್ ರಾಸ್ಕಿನ್ ಮತ್ತು ಕ್ಯಾಲ್ವಿನ್ ಹಾಲ್ ಮಾಡಿದ ಎನ್‌ಪಿಐ ಪರೀಕ್ಷೆ, 1988ರ ಹೊತ್ತಿಗೆ 40 ಜೋಡಿ ಹೇಳಿಕೆಗಳ ರೂಪಕ್ಕೆ ಬಂತು. ಪ್ರತಿ ಜೋಡಿಯಲ್ಲಿ ಒಂದನ್ನ ಆರಿಸಬೇಕು. ಒಂದು ಮಾತು ನೆನಪಿಡಿ: ಇದು ಸಾಮಾನ್ಯ ಜನರಲ್ಲಿ ಆ ಗುಣ ಎಷ್ಟಿದೆ ಅಂತ ನೋಡೋದಕ್ಕೆ. ಅಂಕ ಜಾಸ್ತಿ ಬಂತು ಅಂದ್ರೆ ಕಾಯಿಲೆ ಇದೆ ಅಂತ ಅರ್ಥ ಅಲ್ಲ. ಬ್ರೇಕಪ್ ಆದ ತಕ್ಷಣ ‘ಅವನು ನಾರ್ಸಿಸಿಸ್ಟ್’ ಅಂತ ಸ್ಟೇಟಸ್ ಹಾಕೋ ಮುಂಚೆ ಇದು ನೆನಪಿರಲಿ.

ಇದೇ ಅಂಕಗಳನ್ನ ಮುಂದಿಟ್ಟು 2008ರಲ್ಲಿ ಜೀನ್ ಟ್ವೆಂಗೆ ಮತ್ತು ಜೊತೆಗಾರರು, ಅಮೆರಿಕದ ಕಾಲೇಜು ಹುಡುಗರಲ್ಲಿ ಸ್ವಮೋಹ ವರ್ಷದಿಂದ ವರ್ಷಕ್ಕೆ ಏರ್ತಾ ಇದೆ ಅಂದರು. ಪತ್ರಿಕೆಗಳಿಗೆ ಹಬ್ಬ. ಆದ್ರೆ ಅದೇ ವರ್ಷ ಇನ್ನೊಂದು ತಂಡ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳ ಅಂಕ ನೋಡಿ, ಹೇಳಿಕೊಳ್ಳೋ ಅಂಥ ಏರಿಕೆಯೇ ಇಲ್ಲ ಅಂತು. 2017ರ ಅಧ್ಯಯನವೊಂದರಲ್ಲಿ ಅಂಕ ಸ್ವಲ್ಪ ಇಳಿದಿದ್ದೇ ಕಂಡಿತು. ‘ಈಗಿನ ಕಾಲದ ಮಕ್ಕಳು ಕೆಟ್ಟೋಗಿದ್ದಾರೆ’ ಅನ್ನೋ ಹಳೇ ರಾಗಕ್ಕೆ ಅಂಕಿ-ಅಂಶದ ತಾಳ ಸಿಕ್ಕಿದರೆ ಜನ ಎಷ್ಟು ಬೇಗ ನಂಬ್ತಾರೆ ನೋಡಿ.

ತಮಾಷೆ ಏನಂದ್ರೆ, 2014ರಲ್ಲಿ ಸಾರಾ ಕೊನ್‌ರಾತ್ ಮತ್ತು ಜೊತೆಗಾರರು 40 ಪ್ರಶ್ನೆಗಳನ್ನ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು: ನೀವು ನಾರ್ಸಿಸಿಸ್ಟಾ? ಆ ಪದದ ಅರ್ಥ ಹೇಳಿ, ಒಂದರಿಂದ ಏಳರೊಳಗೆ ಅಂಕ ಕೊಡಿ ಅಂದರು. ಹನ್ನೊಂದು ಅಧ್ಯಯನಗಳಲ್ಲಿ, 2,200ಕ್ಕೂ ಹೆಚ್ಚು ಜನರಲ್ಲಿ, ಈ ಉತ್ತರ ಉದ್ದದ ಪರೀಕ್ಷೆಯ ಫಲಿತಾಂಶದ ಜೊತೆ ತಕ್ಕಮಟ್ಟಿಗೆ ತಾಳೆಯಾಯ್ತು. ಕಾರಣ ಸರಳ: ಸ್ವಮೋಹ ಇರೋರಿಗೆ ಅದು ದೋಷ ಅನ್ನಿಸೋದೇ ಇಲ್ಲ!

ಇಲ್ಲಿವರೆಗೆ ನಕ್ಕಿದ್ದಾಯ್ತು. ಇದರ ಬೆಲೆ ತೆತ್ತವರ ಕತೆಯೂ ಇದೆ. 1989ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಯಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸಕ್ಕೆ ಹೋದವರಿಗೆ 704 ಪ್ರಶ್ನೆಗಳ ಪರೀಕ್ಷೆ ಇತ್ತು. ಅದರಲ್ಲಿ ದೇವರ ನಂಬಿಕೆ, ಲೈಂಗಿಕ ಜೀವನದ ಪ್ರಶ್ನೆಗಳೂ ಇದ್ದವು. ಅಂಗಡಿ ಕಾಯೋ ಕೆಲಸಕ್ಕೆ ಇದ್ಯಾಕೆ ಅಂತ ಅರ್ಜಿದಾರರು ಕೋರ್ಟಿಗೆ ಹೋದರು. 1991ರಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ಅವರ ಖಾಸಗಿತನದ ವಾದವನ್ನ ಎತ್ತಿಹಿಡೀತು. 1993ರಲ್ಲಿ ಪ್ರಕರಣ ರಾಜಿಯಲ್ಲಿ ಮುಗೀತು.

ಆಮೇಲೆ ನಮ್ಮ ಕಾಲ. ಫೇಸ್‌ಬುಕ್‌ನಲ್ಲಿ ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಬಂತು. ಅದನ್ನ ಹಾಕ್ಕೊಂಡವರು ಸುಮಾರು 2.7 ಲಕ್ಷ ಜನ. ಆದ್ರೆ ಆ್ಯಪ್ ಅವರ ಸ್ನೇಹಿತರ ಮಾಹಿತಿಯನ್ನೂ ಬಾಚಿಕೊಂಡಿತು. 2018ರಲ್ಲಿ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣ ಹೊರಬಿದ್ದಾಗ, 8.7 ಕೋಟಿ ಜನರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಭಾರತದಲ್ಲಿ ಆ ಆ್ಯಪ್ ಹಾಕ್ಕೊಂಡವರು ಬರೀ 335 ಜನ. ಮಾಹಿತಿ ಹೋಗಿರಬಹುದಾದವರು ಸುಮಾರು 5.62 ಲಕ್ಷ! ಅವರಲ್ಲಿ ಬಹುತೇಕರು ಯಾವ ಪ್ರಶ್ನೆಗೂ ಉತ್ತರ ಕೊಟ್ಟವರಲ್ಲ. ಅವರ ಸ್ನೇಹಿತರು ಒಂದು ಕ್ವಿಜ್ ಮಾಡಿದ್ದರು, ಅಷ್ಟೇ.

ವುಡ್‌ವರ್ತ್ ಅವರ ಶೀಟಿನಲ್ಲಿ ಕೇಳ್ತಾ ಇದ್ದವರು ಯಾರು, ಯಾಕೆ ಅನ್ನೋದು ಸೈನಿಕನಿಗೆ ಗೊತ್ತಾಗ್ತಿತ್ತು. ಮೊಬೈಲ್‌ನಲ್ಲಿ ಅದು ಕಾಣಲ್ಲ. ಹಾಗಂತ ಈ ಪರೀಕ್ಷೆಗಳೆಲ್ಲ ಬೂಟಾಟಿಕೆ ಅಂತಲ್ಲ. ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಕೈಯಲ್ಲಿ, ಮಾತುಕತೆಯ ಜೊತೆಗೆ ಬಳಸಿದಾಗ, ನಿಜಕ್ಕೂ ಒದ್ದಾಡ್ತಾ ಇರೋರಿಗೆ ಅವು ದಾರಿ ತೋರಿಸಿವೆ. ಆದ್ರೆ ಮುಂದಿನ ಸಲ ಲಿಂಕ್ ಬಂದಾಗ ಮೂರು ವಿಷಯ ನೋಡಿ: ನನ್ನನ್ನ ಯಾರ ಜೊತೆ ಹೋಲಿಸ್ತಾ ಇದ್ದಾರೆ? ಈ ಅಂಕದಿಂದ ಏನು ನಿರ್ಧಾರ ಆಗುತ್ತೆ? ಉತ್ತರಗಳು ಎಲ್ಲಿಗೆ ಹೋಗ್ತವೆ? ಉತ್ತರ ಸಿಗದಿದ್ರೆ ಆ ಟ್ಯಾಬ್ ಮುಚ್ಚಿಬಿಡಿ, ಏನೂ ನಷ್ಟ ಇಲ್ಲ.

ಈ ಸಂಚಿಕೆ ಇಷ್ಟ ಆಗಿದ್ರೆ, ‘ನಾನು ಮಾತೇ ಆಡಲ್ಲ’ ಅನ್ನೋ ನಿಮ್ಮ ಆ ಸಂಕೋಚದ ಸ್ನೇಹಿತರಿಗೂ ಕಳಿಸಿ.