ಮನದ ಗಾಯಕ್ಕೆ ದೂರಚಿಕಿತ್ಸೆ: ನಡೆದು ಬಂದ ದಾರಿ

ಪ್ರವಾಹ, ಭೂಕಂಪ, ಬೆಂಕಿ ಅನಾಹುತ, ಅಪಘಾತ, ಹಿಂಸೆ - ಇವುಗಳಿಗೆ ಸಿಲುಕಿ ಬದುಕುಳಿದ ಕೆಲವರಲ್ಲಿ ಮೈಮೇಲಿನ ಗಾಯ ಮಾಯ್ದರೂ ಮನದ ಗಾಯ ಮಾಯುವುದಿಲ್ಲ. ನಡೆದದ್ದು ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ನಿದ್ರೆ ಕೆಡುತ್ತದೆ. ಸಣ್ಣ ಸದ್ದಿಗೂ ಬೆಚ್ಚಿಬೀಳುವಂತಾಗುತ್ತದೆ. ಈ ಲಕ್ಷಣಗಳು ಒಂದು ತಿಂಗಳನ್ನೂ ಮೀರಿ ಉಳಿದು ದಿನನಿತ್ಯದ ಬದುಕನ್ನು ಕೆಡಿಸಿದರೆ ಅದು ಆಘಾತೋತ್ತರ ಒತ್ತಡದ ಬೇನೆ. ವೈದ್ಯರ ಮಾತಿನಲ್ಲಿ ಪಿಟಿಎಸ್‌ಡಿ. ಅಮೆರಿಕದ ಮನೋವೈದ್ಯರ ಸಂಘವು ಇದನ್ನು ತನ್ನ ರೋಗಪಟ್ಟಿಗೆ ಸೇರಿಸಿದ್ದು 1980ರಲ್ಲಿ.

ಈ ಬೇನೆಗೆ ಮುಖ್ಯ ಮದ್ದು ಮಾತು. ತರಬೇತಿ ಪಡೆದ ಚಿಕಿತ್ಸಕರ ನೆರವಿನಿಂದ, ಭಯವಿಲ್ಲದ ಜಾಗದಲ್ಲಿ ಕುಳಿತು, ಆ ನೆನಪನ್ನು ಹಂತ ಹಂತವಾಗಿ ಎದುರಿಸಬೇಕು. ಇದಕ್ಕೆ ವಾರಕ್ಕೊಮ್ಮೆಯಂತೆ ಹತ್ತು ಹನ್ನೆರಡು ಭೇಟಿಗಳಾದರೂ ಬೇಕಾಗುತ್ತವೆ. ಆದರೆ ಇಂತಹ ಚಿಕಿತ್ಸಕರು ಹೆಚ್ಚಾಗಿ ಇರುವುದು ದೊಡ್ಡ ನಗರಗಳಲ್ಲಿ. ಮುಧೋಳ ತಾಲ್ಲೂಕಿನ ತಿಮ್ಮಾಪುರದಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ. ಕಬ್ಬು ಕಡಿಯುವ ಕೂಲಿಕಾರರೊಬ್ಬರು ವಾರ ವಾರ ಅಲ್ಲಿಗೆ ಹೋಗಿಬರುವುದು ಆಗದ ಮಾತು.

ಈ ದೂರವನ್ನು ನೀಗಲು ಎರಡು ದಾರಿಗಳುಂಟು. ಒಂದು, ತಜ್ಞರ ಮುಖ ಮತ್ತು ಧ್ವನಿಯನ್ನು ಸಂಕೇತಗಳಾಗಿ ಕಳುಹಿಸುವುದು. ಇನ್ನೊಂದು, ತಜ್ಞರ ಕೌಶಲವನ್ನು ಊರಿನ ಸಮೀಪದಲ್ಲೇ ಇರುವವರಿಗೆ ಕಲಿಸುವುದು. ಇವೆರಡರ ಚರಿತ್ರೆಯೂ ಕುತೂಹಲಕರವಾಗಿದೆ.

ಟಿ.ವಿ. ಪರದೆಯ ಮೂಲಕ

ಮೊದಲ ದಾರಿ ತೆರೆದದ್ದು ಅಮೆರಿಕದ ನೆಬ್ರಾಸ್ಕಾದಲ್ಲಿ. ಅಲ್ಲಿನ ಮನೋವೈದ್ಯ ಸಂಸ್ಥೆಯ ಸೆಸಿಲ್ ವಿಟ್ಸನ್ ಮತ್ತು ಸಂಗಡಿಗರು 1959ರಲ್ಲಿ ದ್ವಿಮುಖ ಟಿ.ವಿ. ಮೂಲಕ ಗುಂಪು ಚಿಕಿತ್ಸೆ ನಡೆಸಿದರು. 1964ರಲ್ಲಿ ಸುಮಾರು 180 ಕಿ.ಮೀ. ದೂರದ ನಾರ್‌ಫೋಕ್ ಮಾನಸಿಕ ಆಸ್ಪತ್ರೆಗೂ ಈ ಸಂಪರ್ಕ ದೊರೆಯಿತು. ಪರದೆಯ ಮೇಲಿನ ವೈದ್ಯರೊಂದಿಗೂ ರೋಗಿಗಳು ಮನಬಿಚ್ಚಿ ಮಾತನಾಡಬಲ್ಲರು ಎಂಬುದು ಆಗಲೇ ತಿಳಿಯಿತು. ಆದರೆ ಉಪಕರಣ ಬಲು ದುಬಾರಿ. ಹೀಗಾಗಿ ಅದು ಬಹುಕಾಲ ದೊಡ್ಡ ಸಂಸ್ಥೆಗಳ ಪ್ರಯೋಗವಾಗಿಯೇ ಉಳಿಯಿತು.

ಕೌಶಲವೇ ಹಳ್ಳಿಗೆ ಹೊರಟಾಗ

ನಮ್ಮಲ್ಲಿ ಮೊದಲು ಬೆಳೆದದ್ದು ಎರಡನೆಯ ದಾರಿ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೇ ಅಧಿಕ. ಸಂತ್ರಸ್ತ ಕುಟುಂಬಗಳ ಮನಃಸ್ಥಿತಿಯನ್ನು ನಿಮ್ಹಾನ್ಸ್ ತಜ್ಞರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ತರುವಾಯ ನಿಮ್ಹಾನ್ಸ್‌ನ ಪ್ರೊ. ಆರ್. ಶ್ರೀನಿವಾಸಮೂರ್ತಿ ಮೊದಲಾದವರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮಾನಸಿಕ ಆರೈಕೆಯ ತರಬೇತಿ ನೀಡಿದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರನ್ನೇ ಈ ಕೆಲಸಕ್ಕೆ ಅಣಿಗೊಳಿಸಲಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಇದು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಅರ್ಧ ಸೆಕೆಂಡಿನ ಅಡ್ಡಿ

ಸಂಕೇತದ ದಾರಿ ಕರ್ನಾಟಕದಲ್ಲಿ ತೆರೆದದ್ದು ಇಸ್ರೋ ಉಪಗ್ರಹಗಳಿಂದ. 2002ರ ಸುಮಾರಿಗೆ ಚಾಮರಾಜನಗರ ಮತ್ತು ಸರಗೂರಿನ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಬೆಸೆದುಕೊಂಡವು. ಇದು ಮುಖ್ಯವಾಗಿ ಹೃದ್ರೋಗಿಗಳಿಗಾಗಿ. ಇ.ಸಿ.ಜಿ. ನೋಡಲು ಅದು ಸಾಕು. ಮನದ ಮಾತಿಗೆ?

ಇಲ್ಲಿ ಸ್ವಲ್ಪ ಭೌತವಿಜ್ಞಾನವನ್ನು ಗಮನಿಸೋಣ. ಭೂಸ್ಥಿರ ಉಪಗ್ರಹ ಇರುವ ಎತ್ತರ ಸುಮಾರು 36,000 ಕಿ.ಮೀ. ಸಂಕೇತ ಮೇಲೇರಿ ಕೆಳಗಿಳಿಯಲು 72,000 ಕಿ.ಮೀ. ಸಾಗಬೇಕು. ಸೆಕೆಂಡಿಗೆ 3 ಲಕ್ಷ ಕಿ.ಮೀ. ವೇಗದಲ್ಲೂ ಇದಕ್ಕೆ 0.24 ಸೆಕೆಂಡು ಹಿಡಿಯುತ್ತದೆ. ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆದಿರುತ್ತದೆ. ಮನೋಚಿಕಿತ್ಸೆಯಲ್ಲಿ ಮೌನಕ್ಕೂ ಅರ್ಥವಿದೆ. ರೋಗಿ ತಡವರಿಸಿದ್ದೋ, ಸಂಕೇತ ತಡವಾದದ್ದೋ ತಿಳಿಯದಿದ್ದರೆ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲಿಸುವಂತಾಗುತ್ತದೆ. ಗಾಜಿನ ಎಳೆಯಲ್ಲಿ, ಅಂದರೆ ಆಪ್ಟಿಕಲ್ ಫೈಬರ್‌ನಲ್ಲಿ, ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. 500 ಕಿ.ಮೀ.ಗೆ ಅದಕ್ಕೆ ಬೇಕಾದದ್ದು ಸೆಕೆಂಡಿನ ನಾನೂರನೇ ಒಂದು ಭಾಗ ಮಾತ್ರ. ನಡುವಿನ ಯಂತ್ರಗಳು ಇನ್ನಷ್ಟು ವೇಳೆ ತೆಗೆದುಕೊಂಡರೂ ಮಾತು ಸಹಜವಾಗಿ ಸಾಗುತ್ತದೆ.

ಎರಡು ನೆರೆಗಳ ನಡುವೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ಬಾಗಲಕೋಟೆ ಸೇರಿದಂತೆ ಉತ್ತರ ಕರ್ನಾಟಕ ತತ್ತರಿಸಿದಾಗ, ಹಳ್ಳಿಗರ ಮೊಬೈಲು ಮಾತಿಗೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಒದಗುತ್ತಿತ್ತು. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಮುಧೋಳ ಭಾಗದ ಊರುಗಳಿಗೆ ನುಗ್ಗಿದಾಗ, ನೀರಿನ ವಿಡಿಯೊಗಳು ಕೈಯಿಂದ ಕೈಗೆ ಹರಿದಾಡಿದವು. ಹತ್ತೇ ವರ್ಷಗಳಲ್ಲಿ ಉಪಕರಣ ಜನರ ಜೇಬಿಗೆ ಬಂದಿತ್ತು.

ಚಿಕಿತ್ಸೆ ಫಲಿಸುತ್ತದೆಯೆ ಎಂಬ ಪ್ರಶ್ನೆಗೂ ಅಷ್ಟರಲ್ಲಿ ಉತ್ತರ ದೊರೆತಿತ್ತು. ಹವಾಯಿಯಲ್ಲಿ ಲೆಸ್ಲಿ ಮಾರ್ಲೆಂಡ್ ಮತ್ತು ಸಹೋದ್ಯೋಗಿಗಳು 125 ಮಾಜಿ ಸೈನಿಕರಲ್ಲಿ ಕೆಲವರಿಗೆ ಎದುರುಬದುರಾಗಿ, ಉಳಿದವರಿಗೆ ವಿಡಿಯೊ ಮೂಲಕ ಒಂದೇ ಬಗೆಯ ಆಘಾತ ಚಿಕಿತ್ಸೆ ನೀಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ವಿಡಿಯೊ ಚಿಕಿತ್ಸೆ ಕಡಿಮೆಯದೇನೂ ಅಲ್ಲ.

ಭಾರತದಲ್ಲಿ ಕಾನೂನಿನ ಅಸ್ಪಷ್ಟತೆ ತಕ್ಕಮಟ್ಟಿಗೆ ನೀಗಿದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಅದೇ ವರ್ಷ ದೂರ ಮನೋವೈದ್ಯಕ್ಕೂ ಪ್ರತ್ಯೇಕ ಮಾರ್ಗಸೂಚಿ ಸಿದ್ಧವಾಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಟೆಲಿ-ಮಾನಸ್ ಸೇವೆ ಆರಂಭವಾಯಿತು. ಇದಕ್ಕೆ ನಿಮ್ಹಾನ್ಸ್ ಕೇಂದ್ರಸಂಸ್ಥೆ. ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. 14416ಕ್ಕೆ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ವಿಡಿಯೊ ಸಮಾಲೋಚನೆ 2024ರಲ್ಲಿ ಮೊದಲಿಗೆ ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಉಳಿದಿರುವ ದೂರ

ಹಾಗಾದರೆ ದೂರ ಪೂರ್ತಿ ಅಳಿಯಿತೆ? ಇಲ್ಲ. ಸಂಕೇತ ದಾಟಲಾರದ ಕೆಲವು ಅಡಿಗಳ ದೂರ ಮನೆಯೊಳಗೇ ಇದೆ. ಒಂದೇ ಕೋಣೆಯ ಮನೆಯಲ್ಲಿ, ಅತ್ತೆ ಮಾವ ಮಕ್ಕಳ ನಡುವೆ, ಮನೆಗೆಲ್ಲ ಇರುವ ಒಂದೇ ಫೋನಿನಲ್ಲಿ, ಹೆಣ್ಣುಮಗಳೊಬ್ಬಳು ತನಗಾದ ಹಿಂಸೆಯನ್ನು ಹೇಳುವುದೆಂತು? ಹಿಂಸಿಸಿದವನೇ ಪಕ್ಕದಲ್ಲಿದ್ದರೆ? ಹಳೆಯ ನೆನಪು ಕೆರಳಿ ಆಕೆ ಕುಸಿದರೆ, ಪರದೆಯಾಚೆಯ ಚಿಕಿತ್ಸಕರು ಕೈಹಿಡಿದು ಕೂರಿಸಲಾರರು. ಆದ್ದರಿಂದಲೇ ಆರಂಭದಲ್ಲಿ ರೋಗಿ ಎಲ್ಲಿದ್ದಾರೆ, ಅಲ್ಲಿ ಬೇರೆ ಯಾರಿದ್ದಾರೆ, ತುರ್ತಿಗೆ ಹತ್ತಿರದ ಯಾರನ್ನು ಕರೆಯಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯ ಪದ್ಧತಿ.

ಬಳ್ಳಾರಿಯ ಪಾಠ ಮತ್ತೆ ನೆನಪಾಗುವುದು ಇಲ್ಲಿಯೇ. ಉಪಕೇಂದ್ರದಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಅಲ್ಲೊಂದು ಪರದೆ, ಹೊರಗೆ ನಂಬಿಕೆಯ ಒಬ್ಬ ಆಶಾ ಕಾರ್ಯಕರ್ತೆ - ಇಷ್ಟಿದ್ದರೆ ಎರಡು ದಾರಿಗಳೂ ಕೂಡುತ್ತವೆ. ಎಳೆಯ ಮೂಲಕ ತಜ್ಞರು ಹಳ್ಳಿಗೆ ಬಂದಾಗಿದೆ. ಅವರೊಡನೆ ಮಾತನಾಡಲು ಒಂದು ಮರೆ, ಹೊರಬಂದಾಗ ಆಸರೆಗೆ ಒಬ್ಬರು ಇರುವಂತೆ ನೋಡಿಕೊಳ್ಳುವುದು ಊರಿನ ಮತ್ತು ಸರ್ಕಾರದ ಕೆಲಸ.