ಇರಾಕ್: 2003ರ ಆಕ್ರಮಣದ ನಂತರದ ಸ್ಥಿರತೆ

ಅಮೆರಿಕ ನೇತೃತ್ವದ ಪಡೆಗಳು 2003ರ ಮಾರ್ಚ್‌ನಲ್ಲಿ ದಾಳಿ ನಡೆಸಿ ಸದ್ದಾಂ ಹುಸೇನ್ ಆಡಳಿತವನ್ನು ಉರುಳಿಸಿದ ಬಳಿಕ ಶಿಯಾ ಅರಬ್, ಸುನ್ನಿ ಅರಬ್ ಮತ್ತು ಕುರ್ದ್ ಜನರನ್ನು ಒಂದೇ ರಾಜ್ಯವ್ಯವಸ್ಥೆಯಲ್ಲಿ ಉಳಿಸಿಕೊಳ್ಳಲು ನಡೆದಿರುವ ಪ್ರಯತ್ನ. ತುರ್ಕಮೆನ್, ಯಜೀದಿ, ಕ್ರೈಸ್ತ ಅಲ್ಪಸಂಖ್ಯಾತರ ಭವಿಷ್ಯವೂ ಇದನ್ನೇ ಅವಲಂಬಿಸಿದೆ.

ಅಸ್ಥಿರತೆಯ ಮೂಲ: ಆಕ್ರಮಿಸಿಕೊಂಡ ಪಡೆಗಳ ಆಡಳಿತದ ಮುಖ್ಯಸ್ಥ ಪಾಲ್ ಬ್ರೆಮರ್ 2003ರ ಮೇ ತಿಂಗಳಲ್ಲಿ ಸದ್ದಾಂನ ಬಾತ್ ಪಕ್ಷದ ಹಿರಿಯ ಸದಸ್ಯರನ್ನು ಸರ್ಕಾರಿ ಹುದ್ದೆಗಳಿಂದ ತೆಗೆದು, ಸೇನೆಯನ್ನೇ ವಿಸರ್ಜಿಸಿದರು. ಕೆಲಸ ಕಳೆದುಕೊಂಡ ಸೈನಿಕರಲ್ಲಿ ಹಲವರು ಬಂಡಾಯ ಸೇರಿದರು. 2006ರ ಫೆಬ್ರವರಿಯಲ್ಲಿ ಸಮಾರಾದಲ್ಲಿರುವ ಶಿಯಾಗಳ ಅಲ್ ಅಸ್ಕರಿ ಪವಿತ್ರ ಕ್ಷೇತ್ರದಲ್ಲಿ ನಡೆದ ಸ್ಫೋಟದ ನಂತರ ಪಂಥೀಯ ಹತ್ಯೆಗಳು ಭೀಕರ ಮಟ್ಟ ಮುಟ್ಟಿದವು. ಬಾಗ್ದಾದಿನ ಶಿಯಾ-ಸುನ್ನಿ ಮಿಶ್ರ ಬಡಾವಣೆಗಳು ಒಡೆದುಹೋದವು.

ಅಧಿಕಾರ ಹಂಚಿಕೆ: 2005ರ ಸಂವಿಧಾನ ಒಕ್ಕೂಟ ವ್ಯವಸ್ಥೆಯನ್ನು ತಂದು ಕುರ್ದಿಸ್ತಾನದ ಸ್ವಾಯತ್ತತೆಗೆ ಮಾನ್ಯತೆ ನೀಡಿತು. ರೂಢಿಯಂತೆ ಪ್ರಧಾನಿ ಶಿಯಾ, ರಾಷ್ಟ್ರಾಧ್ಯಕ್ಷ ಕುರ್ದ್, ಸಂಸತ್ತಿನ ಸ್ಪೀಕರ್ ಸುನ್ನಿ. ಇದರಿಂದ ಎಲ್ಲರಿಗೂ ಪಾಲು ದೊರೆತರೂ ಸಚಿವಾಲಯಗಳು ಪಕ್ಷಗಳ ಸ್ವತ್ತಾಗಿ ಭ್ರಷ್ಟಾಚಾರ ಬೇರೂರಿತು. ಈ ಹಂಚಿಕೆಯನ್ನೇ ವಿರೋಧಿಸಿ 2019ರ ಅಕ್ಟೋಬರ್‌ನಲ್ಲಿ ಯುವಜನರು ಬೀದಿಗಿಳಿದರು. ಪ್ರಧಾನಿ ಆದಿಲ್ ಅಬ್ದುಲ್ ಮಹದಿ ರಾಜೀನಾಮೆ ನೀಡಬೇಕಾಯಿತು.

ಸಾಧ್ಯತೆಗಳು: 2007ರ ಸುಮಾರಿಗೆ ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು ಅಲ್ ಖೈದಾ ವಿರುದ್ಧ ನಿಂತಾಗ ಹಿಂಸೆ ಇಳಿಯಿತು. ಮುಂದೆ ಸರ್ಕಾರ ಸುನ್ನಿಯರನ್ನು ಕಡೆಗಣಿಸಿದ್ದು, 2014ರಲ್ಲಿ ಮೊಸುಲ್ ನಗರ ಐಸಿಸ್ ಉಗ್ರ ಸಂಘಟನೆಯ ವಶವಾಗಲು ಒಂದು ಕಾರಣವಾಯಿತು. 2017ರಲ್ಲಿ ನಗರ ವಿಮೋಚನೆಗೊಂಡಿತು. ಸೇನಾಬಲವೊಂದೇ ಶಾಂತಿ ತರಲಾರದು ಎಂಬುದಕ್ಕೆ ಈ ಚರಿತ್ರೆಯೇ ಸಾಕ್ಷಿ. ಕುರ್ದರು ಮತ್ತು ಕೇಂದ್ರ ಸರ್ಕಾರದ ನಡುವಿನ ಕಿರ್ಕುಕ್ ವಿವಾದದ ಇತ್ಯರ್ಥ, ತೈಲ ಆದಾಯದ ನ್ಯಾಯಯುತ ಹಂಚಿಕೆ, ಸಶಸ್ತ್ರ ಗುಂಪುಗಳ ಮೇಲೆ ಸರ್ಕಾರದ ಹಿಡಿತ, ನಿರಾಶ್ರಿತರ ಸುರಕ್ಷಿತ ಮರಳುವಿಕೆ ಶಾಶ್ವತ ಸ್ಥಿರತೆಯ ಮುಖ್ಯ ಷರತ್ತುಗಳು.