ಒಂದು ಗಿಟಾರ್‌ಗೆ ಎರಡು ಆಂಪ್ಲಿಫೈಯರ್: ಅರ್ಥ್ ತಂತಿ ಕಳಚದಿರಿ

ಬಾದಾಮಿ: ಬನದ ಹುಣ್ಣಿಮೆಯಂದು ರಥೋತ್ಸವ ನಡೆಯುವ ಬಾದಾಮಿ ಬನಶಂಕರಿ ಜಾತ್ರೆ ವೃತ್ತಿ ನಾಟಕ ಕಂಪನಿಗಳಿಗೆ ಹೆಸರುವಾಸಿ. ಇಲ್ಲಿನ ತಾತ್ಕಾಲಿಕ ರಂಗಮಂದಿರಗಳಲ್ಲಾಗಲಿ, ಬಾಗಲಕೋಟೆ, ಹುನಗುಂದ, ಇಳಕಲ್ಲಿನ ರಸಮಂಜರಿ ವೇದಿಕೆಗಳಲ್ಲಾಗಲಿ ಒಂದೇ ಎಲೆಕ್ಟ್ರಿಕ್ ಗಿಟಾರನ್ನು ಎರಡು ಆಂಪ್ಲಿಫೈಯರ್‌ಗಳಿಗೆ ಜೋಡಿಸುವಾಗ ಪಾಲಿಸಬೇಕಾದ ಕ್ರಮಗಳು ಇಂತಿವೆ.

ಉದ್ದೇಶ: ಒಂದು ಕವಲಿನಲ್ಲಿ ಮೂಲ ಧ್ವನಿಯನ್ನೂ ಇನ್ನೊಂದರಲ್ಲಿ ಡಿಲೇ, ಕೋರಸ್ ಮುಂತಾದ ಎಫೆಕ್ಟ್‌ಗಳನ್ನೂ ನುಡಿಸಿದರೆ ಸ್ಪಷ್ಟತೆ ಕೆಡದೆ ನಾದ ತುಂಬಿಬರುತ್ತದೆ.

ವೈ ಕೇಬಲ್‌ನ ಮಿತಿ: ತಲಾ 10 ಲಕ್ಷ ಓಮ್ ಪ್ರತಿರೋಧದ ಎರಡು ಆಂಪ್ಲಿಫೈಯರ್‌ಗಳನ್ನು ನೇರವಾಗಿ ಸೇರಿಸಿದರೆ ಗಿಟಾರ್‌ನ ಎದುರು ಉಳಿಯುವುದು 5 ಲಕ್ಷ ಓಮ್ ಮಾತ್ರ. ಇದರಿಂದ ತಾರಸ್ವರಗಳು ಮಂಕಾಗುತ್ತವೆ. ಕವಲೊಡೆಯುವ ಮುನ್ನ ಬಫರ್ ಅಳವಡಿಸುವುದೇ ಇದಕ್ಕೆ ಪರಿಹಾರ.

ಗುಂಯ್ ಎನ್ನುವ ಸದ್ದು: ಎರಡೂ ಆಂಪ್ಲಿಫೈಯರ್‌ಗಳ ಅರ್ಥ್ ತಂತಿಗಳು ಗಿಟಾರ್ ಕೇಬಲ್ ಮೂಲಕ ಮತ್ತೊಮ್ಮೆ ಕೂಡಿ ‘ಗ್ರೌಂಡ್ ಲೂಪ್’ ಏರ್ಪಡುವುದೇ ಇದಕ್ಕೆ ಸಾಮಾನ್ಯ ಕಾರಣ.

ಅಪಾಯ: ಅರ್ಥ್ ತಂತಿ ಕಳಚಿದರೆ ಸದ್ದು ನಿಲ್ಲಬಹುದು. ಆದರೆ ಆಂಪ್ಲಿಫೈಯರ್‌ನಲ್ಲಿ ದೋಷ ಉಂಟಾದಾಗ ಗಿಟಾರ್ ತಂತಿಗಳಿಗೇ ವಿದ್ಯುತ್ ಹರಿಯಬಹುದು. ಆಗ ವಾದಕನ ತುಟಿ ಮೈಕಿಗೆ ತಗುಲಿದರೆ ಪ್ರಾಣಕ್ಕೇ ಕುತ್ತು.

ಸುರಕ್ಷಿತ ಮಾರ್ಗ: ಒಂದು ಕವಲಿನಲ್ಲಿ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಬಳಸಬೇಕು. ಅದರಲ್ಲಿ ಧ್ವನಿಸಂಕೇತವು ಕಾಂತಶಕ್ತಿಯಿಂದ ದಾಟುವುದರಿಂದ ಲೂಪ್ ತುಂಡಾಗುತ್ತದೆ, ಅರ್ಥಿಂಗ್ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ನುಡಿಸಿದಾಗ ಮಂದ್ರಸ್ವರ ಕುಗ್ಗಿದರೆ ಸ್ಪ್ಲಿಟರ್‌ನ ಫೇಸ್ ಸ್ವಿಚ್ ಬದಲಿಸಬೇಕು. ವೇದಿಕೆಯ ವಿದ್ಯುತ್ ಮಾರ್ಗಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸುವುದು ಒಳಿತು.